ಕಾಯುವ ಹೊತ್ತಿಗೆ ಲೆಕ್ಕ ಇಟ್ಟವರು: ಜೆ. ಸಿ. ಆರ್. ಲಿಕ್‌ಲೈಡರ್



ಕಳೆದ ಫಾಲ್ ಸೆಮಿಸ್ಟರಲ್ಲಿ ನಾವು ಮೂವರು ಸೇರಿ ಕ್ಲೌಡ್ ಕಂಪ್ಯೂಟಿಂಗ್ ಕೋರ್ಸ್ ತಗೊಂಡ್ವಿ. ಮೂವರೂ ಇಂಜಿನಿಯರಿಂಗ್ ಓದಿದ್ದು ಕರ್ನಾಟಕದಲ್ಲೇ. ಒಬ್ಬರದು ಮೆಕ್ಯಾನಿಕಲ್, ಒಬ್ಬರದು ಸಿವಿಲ್, ಇನ್ನೊಬ್ಬರದು ಇ ಅಂಡ್ ಸಿ. ಕಂಪ್ಯೂಟರ್ ಸೈನ್ಸ್ ಓದಿದವರು ಒಬ್ಬರೂ ಇಲ್ಲ. ಕೆಲಸ ಹುಡುಕೋವಾಗ ರೆಸ್ಯೂಮೆಯಲ್ಲಿ ಕ್ಲೌಡ್ ಅನ್ನೋ ಪದ ಇದ್ರೆ ಒಳ್ಳೇದು ಅಂತ ಸೀನಿಯರ್ಸ್ ಹೇಳಿದ್ರು, ನಾವು ಧೈರ್ಯ ಮಾಡಿ ಸೇರಿಬಿಟ್ವಿ.

ಮೊದಲ ವಾರವೇ ತಲೆ ತಿರುಗಿತು. ವರ್ಚುವಲ್ ಮಷಿನ್, ಹೈಪರ್‌ವೈಸರ್, ಕಂಟೇನರ್, ರೀಜನ್, ಲೋಡ್ ಬ್ಯಾಲೆನ್ಸರ್. ಒಂದು ಪದ ಅರ್ಥ ಆಗೋಷ್ಟರಲ್ಲಿ ಇನ್ನು ಹತ್ತು ಪದ ಬಂದಿರ್ತಿತ್ತು. ಪಕ್ಕದವರೆಲ್ಲ ತಲೆ ಆಡಿಸ್ತಿದ್ರು, ನಾವೂ ಆಡಿಸಿದ್ವಿ. ಮೂರನೇ ವಾರ ಅಸೈನ್‌ಮೆಂಟ್‌ಗೆ ಅಂತ ಒಂದು ಕಂಪನಿಯ ಕ್ಲೌಡ್‌ನಲ್ಲಿ ಮೂರು ಮಷಿನ್ ಶುರು ಮಾಡಿ, ಕೆಲಸ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಿದ್ವಿ. ಲ್ಯಾಪ್‌ಟಾಪ್ ಮುಚ್ಚಿದ್ರೆ ಮಷಿನ್‌ಗಳೂ ನಿಲ್ಲುತ್ತೆ ಅಂದ್ಕೊಂಡಿದ್ವಿ. ನಿಲ್ಲಲ್ಲ! ಹತ್ತು ದಿನ ಆದ್ಮೇಲೆ ಬಂದ ಬಿಲ್ ನಮ್ಮ ರೂಮಿನ ಒಂದು ತಿಂಗಳ ದಿನಸಿ ಖರ್ಚಿಗಿಂತ ಜಾಸ್ತಿ ಇತ್ತು. ಆ ರಾತ್ರಿ ಬರೀ ಮೊಸರನ್ನ ತಿಂದುಕೊಂಡು, ಕೋರ್ಸ್ ಬಿಟ್ಟುಬಿಡೋಣವಾ ಅಂತ ನಾವು ನಿಜವಾಗ್ಲೂ ಮಾತಾಡಿದ್ವಿ. ಇದು ನಮ್ಮಂಥವರಿಗಲ್ಲ ಅನ್ನೋ ಭಾವನೆ ಇದೆಯಲ್ಲ, ಅದು ಬಿಲ್ಲಿಗಿಂತ ಭಾರ ಇತ್ತು.

ಕೋರ್ಸ್ ಬಿಡಲಿಲ್ಲ. ಅದರ ಬದಲು ಇದೆಲ್ಲ ಎಲ್ಲಿಂದ ಶುರುವಾಯ್ತು ಅಂತ ಹಿಂದಕ್ಕೆ ಓದ್ತಾ ಹೋದ್ವಿ. ಹೋದ ಕಡೆಯಲ್ಲೆಲ್ಲ ಒಂದೇ ಹೆಸರು ಎದುರಾಗ್ತಿತ್ತು, ಲಿಕ್‌ಲೈಡರ್. ಅವರು ಕಂಪ್ಯೂಟರ್ ಓದಿದವರೇ ಅಲ್ಲ, ಮನಶ್ಶಾಸ್ತ್ರ ಓದಿದವರು. ಹುಟ್ಟಿದ್ದು ನಮ್ಮ ಯೂನಿವರ್ಸಿಟಿಯಿಂದ ಎರಡು ಗಂಟೆ ದಾರಿಯ ಸೇಂಟ್ ಲೂಯಿಸ್‌ನಲ್ಲಿ! ಇಂಡಿಯನ್ ಸ್ಟೋರ್‌ಗೆ ಅಂತ ಎಷ್ಟೋ ಸಲ ಆ ಊರಿಗೆ ಹೋಗಿ, ಆರ್ಚ್ ಮುಂದೆ ಫೋಟೋ ತೆಗೆಸಿಕೊಂಡು ಬಂದಿದ್ದೀವಿ. ಈ ಸಲ ಸಂಚಿಕೆಗೆ ಅವರ ಬಗ್ಗೆಯೇ ಬರೆಯೋಣ ಅಂತ ಅನ್ನಿಸಿತು.

ಕಿವಿಯಿಂದ ಶುರುವಾದ ದಾರಿ

ಜೋಸೆಫ್ ಕಾರ್ಲ್ ರಾಬ್‌ನೆಟ್ ಲಿಕ್‌ಲೈಡರ್ ಹುಟ್ಟಿದ್ದು 1915ರ ಮಾರ್ಚ್ 11ರಂದು. ತಂದೆ ಬ್ಯಾಪ್ಟಿಸ್ಟ್ ಪಾದ್ರಿ. ಮನೆಗೆ ಒಬ್ಬನೇ ಮಗ. ಹುಡುಗನಿಗೆ ವಿಮಾನದ ಮಾಡೆಲ್ ಮಾಡೋ ಹುಚ್ಚು. ಸ್ವಲ್ಪ ದೊಡ್ಡವನಾದ್ಮೇಲೆ ಹಳೇ ಕಾರು ಬಿಚ್ಚಿ ಜೋಡಿಸೋ ಹುಚ್ಚು. ಉದ್ದ ಹೆಸರು ಯಾರಿಗೂ ಬೇಡವಾಗಿ, ಪರಿಚಯದವರಿಗೆಲ್ಲ ಅವರು ಬರೀ ಲಿಕ್ ಆದ್ರು.

ಅದೇ ಊರಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ 1937ರಲ್ಲಿ ಪದವಿ ಮುಗಿಸಿದ್ರು. ಓದಿದ್ದು ಭೌತಶಾಸ್ತ್ರ, ಗಣಿತ, ಮನಶ್ಶಾಸ್ತ್ರ ಮೂರೂ. ಒಂದನ್ನೇ ಹಿಡಿದು ಕೂರೋ ಸ್ವಭಾವ ಅವರದ್ದಲ್ಲ. ಮರುವರ್ಷ ಮನಶ್ಶಾಸ್ತ್ರದಲ್ಲಿ ಎಂ.ಎ. ಆಯ್ತು. ಆಮೇಲೆ ರಾಚೆಸ್ಟರ್ ಯೂನಿವರ್ಸಿಟಿಯಲ್ಲಿ 1942ರಲ್ಲಿ ಪಿಎಚ್‌ಡಿ. ಅದರ ವಿಷಯ ಕೇಳಿದ್ರೆ ನಗು ಬರಬಹುದು: ಬೆಕ್ಕಿನ ಮಿದುಳಿನಲ್ಲಿ ಯಾವ ಶಬ್ದ ಯಾವ ಜಾಗ ತಲುಪುತ್ತೆ ಅನ್ನೋದರ ನಕ್ಷೆ.

ಆಗ ಎರಡನೇ ಮಹಾಯುದ್ಧದ ಕಾಲ. ಹಾರ್ವರ್ಡ್‌ನ ಸೈಕೋ-ಅಕೌಸ್ಟಿಕ್ ಲ್ಯಾಬ್‌ಗೆ ಸೇರಿದ್ರು. ಯುದ್ಧವಿಮಾನದ ಒಳಗೆ ಇಂಜಿನ್ ಗದ್ದಲದಲ್ಲಿ ರೇಡಿಯೋ ಮಾತು ಸರಿಯಾಗಿ ಕೇಳ್ತಿರಲಿಲ್ಲ. ಧ್ವನಿಯ ಅಲೆಯ ತುದಿಗಳನ್ನು ಕತ್ತರಿಸಿ ಹಾಕಿದ್ರೂ ಮನುಷ್ಯನ ಕಿವಿ ಮಾತನ್ನು ಹಿಡಿಯುತ್ತೆ ಅಂತ ಲಿಕ್ ಪ್ರಯೋಗ ಮಾಡಿ ತೋರಿಸಿದ್ರು. ಇಲ್ಲೇ ಅವರ ಬುದ್ಧಿಯ ದಾರಿ ಕಾಣುತ್ತೆ. ಯಂತ್ರಕ್ಕೆ ಏನು ಸುಲಭ ಅಂತ ಅವರು ಮೊದಲು ಕೇಳ್ತಿರಲಿಲ್ಲ, ಯಂತ್ರದ ಈ ಕಡೆ ಕೂತ ಮನುಷ್ಯನಿಗೆ ಏನು ಬೇಕು ಅಂತ ಕೇಳ್ತಿದ್ರು.

1950ರಲ್ಲಿ ಎಂಐಟಿಗೆ ಬಂದ್ರು. ಅಲ್ಲಿ ಸೋವಿಯತ್ ಬಾಂಬರ್ ವಿಮಾನಗಳನ್ನು ಪತ್ತೆ ಹಚ್ಚೋ ಸೇಜ್ ಅನ್ನೋ ವ್ಯವಸ್ಥೆ ತಯಾರಾಗ್ತಿತ್ತು. ರೇಡಾರ್ ಮಾಹಿತಿ ದೊಡ್ಡ ಕಂಪ್ಯೂಟರ್‌ಗೆ ಬರೋದು, ಅದರ ಚಿತ್ರ ಪರದೆ ಮೇಲೆ ಮೂಡೋದು, ಪರದೆ ಮುಂದೆ ಕೂತ ಸೈನಿಕರು ತಕ್ಷಣ ಉತ್ತರ ಕೊಡೋದು. ಲಿಕ್ ಅವರ ಕೆಲಸ ಆ ಮನುಷ್ಯರ ಕಣ್ಣು, ಕೈ, ಗಮನದ ಬಗ್ಗೆ. ಮಿಕ್ಕ ಕಡೆ ಕಂಪ್ಯೂಟರ್ ಅಂದ್ರೆ ಬೀಗ ಹಾಕಿದ ಕೋಣೆಯ ಯಂತ್ರ ಆಗಿದ್ದ ಕಾಲದಲ್ಲಿ, ಮನುಷ್ಯನೂ ಯಂತ್ರವೂ ಎದುರು ಬದರು ಕೂತು ಕೆಲಸ ಮಾಡೋದನ್ನು ಅವರು ಹತ್ತಿರದಿಂದ ನೋಡಿದ್ರು.

ಅರ್ಜಿ ಕೊಟ್ಟು ಕಾಯೋ ಕಾಲ

ಆ ಕಾಲದ ಕಂಪ್ಯೂಟರ್ ಬಳಕೆ ಹೇಗಿತ್ತು ಅಂತ ಒಂದು ನಿಮಿಷ ನೋಡೋಣ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಒಂದು ಯಂತ್ರದ ಬೆಲೆ ಲಕ್ಷಗಟ್ಟಲೆ ಡಾಲರ್. ಅದು ಒಂದು ಕ್ಷಣ ಸುಮ್ಮನಿದ್ರೂ ನಷ್ಟ. ಹಾಗಾಗಿ ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ. ಪ್ರೋಗ್ರಾಂ ಅನ್ನು ರಂಧ್ರ ಹೊಡೆದ ಕಾರ್ಡ್‌ಗಳ ಕಟ್ಟಿನಲ್ಲಿ ಬರೆದು ಕೌಂಟರ್‌ನಲ್ಲಿ ಕೊಡಬೇಕು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ನಾಳೆ ಬನ್ನಿ ಅನ್ನಿಸಿಕೊಂಡು ಬರ್ತೀವಲ್ಲ, ಹಾಗೇ. ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾದ್ರೆ ಉತ್ತರದ ಕಾಗದ ಸಿಗೋದು. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ರೆ ಮತ್ತೆ ಮೊದಲಿಂದ. ಇದಕ್ಕೆ ಬ್ಯಾಚ್ ಪ್ರೊಸೆಸಿಂಗ್ ಅಂತ ಹೆಸರು. ಯಂತ್ರದ ಸಮಯ ಬೆಲೆಯುಳ್ಳದ್ದು, ಮನುಷ್ಯ ಬೇಕಾದ್ರೆ ಕಾಯಲಿ ಅನ್ನೋದು ಅದರ ಒಳಗಿನ ತರ್ಕ.

1957ರಲ್ಲಿ ಲಿಕ್ ಒಂದು ಸಣ್ಣ ಪ್ರಯೋಗ ಮಾಡಿದ್ರು, ಪ್ರಯೋಗಕ್ಕೆ ಒಳಗಾದವರೂ ಅವರೇ. ಕೆಲಸದ ದಿನದಲ್ಲಿ ತಾನು ಏನೇನು ಮಾಡ್ತೀನಿ, ಎಷ್ಟು ಹೊತ್ತು ಅಂತ ಬರೆದಿಟ್ರು. ತಾನು ಯೋಚನೆ ಮಾಡೋ ಮನುಷ್ಯ ಅಂದ್ಕೊಂಡಿದ್ದವರಿಗೆ ಸಿಕ್ಕ ಲೆಕ್ಕ ಬೇರೆಯೇ ಇತ್ತು. ಯೋಚನೆಗೆ ಅಂತ ಇಟ್ಟ ಸಮಯದಲ್ಲಿ ಸುಮಾರು ಶೇಕಡಾ 85 ಹೋಗ್ತಿದ್ದದ್ದು ಬರೀ ಯೋಚನೆಯ ತಯಾರಿಗೆ: ಅಂಕಿ ಅಂಶ ಹುಡುಕೋದು, ಲೆಕ್ಕ ಹಾಕೋದು, ಗ್ರಾಫ್ ಎಳೆಯೋದು. ಗ್ರಾಫ್ ಎಳೆಯೋಕೆ ಗಂಟೆಗಳು ಬೇಕು, ಎಳೆದಾದ್ಮೇಲೆ ಅದರಲ್ಲಿ ಏನಿದೆ ಅಂತ ಕಾಣೋಕೆ ಕೆಲವು ಸೆಕೆಂಡ್ ಸಾಕು. ಇನ್ನೂ ಬೇಜಾರಿನ ಸಂಗತಿ ಅಂದ್ರೆ, ಯಾವ ಪ್ರಯೋಗ ಮಾಡ್ಬೇಕು, ಯಾವುದು ಬೇಡ ಅಂತ ಅವರು ತೀರ್ಮಾನ ಮಾಡ್ತಿದ್ದದ್ದೂ ಈ ಗುಮಾಸ್ತೆ ಕೆಲಸ ಎಷ್ಟು ಹಿಡಿಯುತ್ತೆ ಅನ್ನೋದರ ಮೇಲೆ.

ಈ ಭಾಗ ಓದಿದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡ್ವಿ. ನಮ್ಮ ಥೀಸಿಸ್ ಕೆಲಸದ ವಾರದಲ್ಲೂ ನಿಜವಾದ ಯೋಚನೆ ಎಷ್ಟು, ಫೈಲ್ ಹುಡುಕೋದು, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋದು ಎಷ್ಟು ಅಂತ ಕೇಳಿದ್ರೆ ಉತ್ತರ ಹೆಚ್ಚು ಕಡಿಮೆ ಅದೇ.

ನಲವತ್ತೆರಡರಲ್ಲಿ ಅ ಆ ಇ ಈ

ಅದೇ 1957ರಲ್ಲಿ ಎಂಐಟಿ ಬಿಟ್ಟು ಕೇಂಬ್ರಿಜ್‌ನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಅನ್ನೋ ಕಂಪನಿಗೆ ಸೇರಿದ್ರು. ಬಿಬಿಎನ್ ಅಂತ ಕರೀತಾರೆ. ಅದು ಸಭಾಂಗಣಗಳ ಶಬ್ದ ವ್ಯವಸ್ಥೆ ನೋಡಿಕೊಳ್ಳೋ ಕಂಪನಿ, ಕಂಪ್ಯೂಟರ್ ಕಂಪನಿ ಅಲ್ಲ. ಲಿಕ್ ಅಲ್ಲಿ ಒಂದು ಕಂಪ್ಯೂಟರ್ ಕೊಡಿಸಿ ಅಂತ ಕೇಳಿದ್ರು. ಬೆರಾನೆಕ್ ಅವರಿಗೆ ಅಚ್ಚರಿ. ಅದನ್ನು ಇಟ್ಟುಕೊಂಡು ಏನು ಮಾಡ್ತೀರಿ ಅಂದ್ರೆ ಲಿಕ್ ಹತ್ರ ಸ್ಪಷ್ಟ ಉತ್ತರ ಇರಲಿಲ್ಲ. ಗೊತ್ತಿಲ್ಲ, ಆದ್ರೆ ಮುಂದೆ ಬೆಳೀಬೇಕು ಅಂದ್ರೆ ಇದು ಬೇಕು ಅನ್ನೋದಷ್ಟೇ ಅವರ ವಾದ. ಬೆರಾನೆಕ್ ನಂಬಿ 25,000 ಡಾಲರ್ ಖರ್ಚು ಮಾಡಿದ್ರು. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತ.

ಬಂದದ್ದು ಎಲ್‌ಜಿಪಿ-30 ಅನ್ನೋ ಪುಟ್ಟ, ನಿಧಾನ ಯಂತ್ರ. ನಲವತ್ತೆರಡು ದಾಟಿದ ಪ್ರೊಫೆಸರ್, ಅಷ್ಟು ಹೊತ್ತಿಗೆ ಶಬ್ದಶಾಸ್ತ್ರದಲ್ಲಿ ಹೆಸರು ಮಾಡಿದ್ದವರು, 1958ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಗೆ ಅಧ್ಯಕ್ಷರಾದವರು. ಅಂಥವರು ಆ ಯಂತ್ರದ ಮುಂದೆ ಕೂತು ಪ್ರೋಗ್ರಾಮಿಂಗ್ ಅನ್ನು ಮೊದಲಿಂದ ಕಲಿತರು. ಆಮೇಲೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ತಯಾರಿಸಿದ ಆರಂಭದ ಪಿಡಿಪಿ-1 ಯಂತ್ರಗಳಲ್ಲಿ ಒಂದು ಬಿಬಿಎನ್‌ಗೆ ಬಂತು. ಅದಕ್ಕೆ ಪರದೆ ಇತ್ತು, ಟೈಪ್ ಮಾಡಿದ್ರೆ ತಕ್ಷಣ ಉತ್ತರ ಕೊಡ್ತಿತ್ತು. ಕೌಂಟರ್ ಇಲ್ಲ, ನಾಳೆ ಬನ್ನಿ ಇಲ್ಲ.

1960ರಲ್ಲಿ ಮನುಷ್ಯ-ಕಂಪ್ಯೂಟರ್ ಸಹಜೀವನದ ಬಗ್ಗೆ ಅವರ ಲೇಖನ ಬಂತು. ಅಂಜೂರದ ಹಣ್ಣಿಗೂ ಅದರೊಳಗೆ ಮೊಟ್ಟೆ ಇಡೋ ಪುಟ್ಟ ಕಣಜಕ್ಕೂ ಇರೋ ಸಂಬಂಧದಿಂದ ಲೇಖನ ಶುರುವಾಗುತ್ತೆ. ಒಂದಿಲ್ಲದೆ ಇನ್ನೊಂದು ಉಳಿಯಲ್ಲ. ಗುರಿ ಇಡೋದು, ಪ್ರಶ್ನೆ ಕೇಳೋದು ಮನುಷ್ಯ. ಲೆಕ್ಕ, ಹುಡುಕಾಟ, ಗ್ರಾಫ್ ಎಲ್ಲ ಯಂತ್ರದ್ದು. ಇಬ್ಬರೂ ಸೇರಿ ಯೋಚಿಸಿದ್ರೆ ಒಬ್ಬರಿಂದಾಗದ್ದು ಆಗುತ್ತೆ ಅನ್ನೋದು ಅದರ ಸಾರ. ಆದ್ರೆ ಒಂದು ತೊಡಕನ್ನೂ ಅಲ್ಲೇ ಒಪ್ಪಿಕೊಂಡಿದ್ದಾರೆ. ಮನುಷ್ಯ ನಿಧಾನ, ಯಂತ್ರ ವೇಗ. ಒಬ್ಬ ಮನುಷ್ಯನಿಗಾಗಿ ಅಷ್ಟು ದುಬಾರಿ ಯಂತ್ರವನ್ನು ಕಟ್ಟಿಹಾಕೋಕೆ ಆಗಲ್ಲ. ಹಾಗಾದ್ರೆ ಹಂಚಿಕೊಳ್ಳಬೇಕು.

ಪಂಕ್ತಿಯಲ್ಲಿ ಬಡಿಸಿದ ಹಾಗೆ

ಈ ಹಂಚಿಕೆಗೆ ಟೈಮ್ ಶೇರಿಂಗ್ ಅಂತ ಹೆಸರು. ನಾವು ಇದನ್ನು ಅರ್ಥ ಮಾಡಿಕೊಂಡಿದ್ದು ಮದುವೆ ಮನೆ ಊಟದಿಂದ. ಪಂಕ್ತಿಯಲ್ಲಿ ನಲವತ್ತು ಎಲೆ ಇರುತ್ತೆ, ಸಾರು ಬಡಿಸೋರು ಒಬ್ಬರೇ. ಆದ್ರೂ ಯಾರಿಗೂ ಕಾದ ಹಾಗೆ ಅನ್ಸಲ್ಲ. ಯಾಕಂದ್ರೆ ನಾವು ಅನ್ನ ಕಲಸಿ ನಾಲ್ಕು ತುತ್ತು ತಿನ್ನೋಷ್ಟರಲ್ಲಿ ಅವರು ಸಾಲು ಮುಗಿಸಿ ಮತ್ತೆ ನಮ್ಮ ಎಲೆ ಮುಂದೆ ನಿಂತಿರ್ತಾರೆ. ಊಟ ಮಾಡೋರು ನಿಧಾನ, ಬಡಿಸೋರು ಬೇಗ. ಕಂಪ್ಯೂಟರ್ ಕೂಡ ಹಾಗೇ ಮಾಡುತ್ತೆ. ಪ್ರತಿಯೊಬ್ಬರಿಗೂ ಒಂದು ಚೂರು ಸಮಯ ಕೊಟ್ಟು ಮುಂದಕ್ಕೆ ಹೋಗುತ್ತೆ. ನೀವು ಮುಂದಿನ ಅಕ್ಷರ ಒತ್ತೋಷ್ಟರಲ್ಲಿ ನಿಮ್ಮ ಹತ್ತಿರ ವಾಪಸ್ ಬಂದಿರುತ್ತೆ. ಎಲ್ಲರಿಗೂ ಯಂತ್ರ ತಮ್ಮೊಬ್ಬರದ್ದೇ ಅನ್ನಿಸುತ್ತೆ.

ಟೈಮ್ ಶೇರಿಂಗ್ ಲಿಕ್ ಒಬ್ಬರ ಕಲ್ಪನೆ ಅಲ್ಲ, ಅವರು ಹಾಗಂತ ಹೇಳಿಕೊಂಡವರೂ ಅಲ್ಲ. ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಇದಕ್ಕಾಗಿ ಒತ್ತಾಯ ಮಾಡ್ತಾ ಬಂದಿದ್ರು. ಕಂಪ್ಯೂಟಿಂಗ್ ಮುಂದೊಂದು ದಿನ ಟೆಲಿಫೋನ್ ಥರ ಸಾರ್ವಜನಿಕ ಸೇವೆ ಆಗಬಹುದು ಅಂತ 1961ರಲ್ಲೇ ಭಾಷಣದಲ್ಲಿ ಹೇಳಿದ್ದವರು ಅವರು. ಅದೇ ವರ್ಷದ ನವೆಂಬರ್‌ನಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆಯನ್ನು ಮೊದಲ ಸಲ ನಡೆಸಿ ತೋರಿಸಿತು. ಬೀಜ ಇತ್ತು. ಗೊಬ್ಬರ, ನೀರು ಬೇಕಿತ್ತು. ಅದನ್ನು ಒದಗಿಸಿದ್ದು ಲಿಕ್.

ಸರ್ಕಾರದ ಹಣ, ದೊಡ್ಡ ಕನಸು

1962ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಆರ್ಪಾ ಅವರನ್ನು ಕರೆಸಿಕೊಂಡಿತು. ಸ್ಪುಟ್ನಿಕ್ ಹಾರಿದ ಭಯದಲ್ಲಿ 1958ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿ ಕಂಪ್ಯೂಟರ್ ಸಂಶೋಧನೆಯ ವಿಭಾಗಕ್ಕೆ ಲಿಕ್ ಮೊದಲ ನಿರ್ದೇಶಕರು. ಆ ಹಣ ಶೀತಲ ಸಮರದ ಹಣ ಅನ್ನೋದನ್ನು ಮುಚ್ಚಿಡಬೇಕಾಗಿಲ್ಲ. ಸೈನ್ಯಕ್ಕೆ ಬೇಕಿದ್ದದ್ದು ಆಜ್ಞೆ ಮತ್ತು ನಿಯಂತ್ರಣದ ವ್ಯವಸ್ಥೆ. ಲಿಕ್ ಅವರ ವಾದ ಏನಂದ್ರೆ, ಸೇನಾಪತಿ ಆಗಲಿ ವಿಜ್ಞಾನಿ ಆಗಲಿ, ಕಂಪ್ಯೂಟರ್ ಜೊತೆ ನೇರವಾಗಿ ಕೆಲಸ ಮಾಡೋಕೆ ಆಗದಿದ್ರೆ ಯಾವ ನಿಯಂತ್ರಣವೂ ಇಲ್ಲ. ಈ ವಾದದ ಮೇಲೆ ಅವರು ಹಣವನ್ನು ಯೂನಿವರ್ಸಿಟಿಗಳ ಕಡೆ ತಿರುಗಿಸಿದ್ರು.

ಎಂಐಟಿಗೆ 1963ರಲ್ಲಿ ಪ್ರಾಜೆಕ್ಟ್ ಮ್ಯಾಕ್ ಬಂತು, ರಾಬರ್ಟ್ ಫಾನೊ ಅದರ ಮುಖ್ಯಸ್ಥರು. ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದ ಮೆಕಾರ್ಥಿ, ಬರ್ಕ್ಲಿಯ ತಂಡ, ಈಗಿನ ಕಾರ್ನೆಗಿ ಮೆಲನ್, ಆಮೇಲೆ ಮೌಸ್ ಕಂಡುಹಿಡಿದ ಡಗ್ಲಸ್ ಎಂಗಲ್‌ಬಾರ್ಟ್, ಇವರಿಗೆಲ್ಲ ಬೆಂಬಲ ಸಿಕ್ಕಿತು. ಪ್ರಾಜೆಕ್ಟ್ ಮ್ಯಾಕ್‌ನ ಒಂದೇ ಐಬಿಎಂ ಯಂತ್ರವನ್ನು ಸುಮಾರು 30 ಜನ ಏಕಕಾಲಕ್ಕೆ ತಮ್ಮ ತಮ್ಮ ಟೆಲಿಟೈಪ್‌ನಿಂದ ಬಳಸ್ತಿದ್ರು. ಒಬ್ಬರ ಫೈಲ್ ಇನ್ನೊಬ್ಬರು ನೋಡಬಾರದು ಅಂತ ಪಾಸ್‌ವರ್ಡ್ ಬಂತು. ಒಬ್ಬರಿಂದೊಬ್ಬರಿಗೆ ಪತ್ರ ಕಳಿಸೋ ಮೇಲ್ ಬಂತು. ಒಂದೇ ಯಂತ್ರ ಹಂಚಿಕೊಳ್ಳೋಕೆ ಹೋದಾಗ ಅಕ್ಕಪಕ್ಕದ ಮನೆಯವರ ಹಾಗೆ ಬದುಕೋದು ಹೇಗೆ ಅನ್ನೋ ಪ್ರಶ್ನೆಗಳೆಲ್ಲ ಒಂದೊಂದಾಗಿ ಎದುರಾದವು.

1963ರ ಏಪ್ರಿಲ್ 23ರಂದು ಲಿಕ್ ತಮ್ಮ ಸಂಶೋಧಕರಿಗೆಲ್ಲ ಒಂದು ಟಿಪ್ಪಣಿ ಕಳಿಸಿದ್ರು. ಅವರನ್ನೆಲ್ಲ ಅಂತರ್-ಗ್ಯಾಲಕ್ಸಿ ಕಂಪ್ಯೂಟರ್ ಜಾಲದ ಸದಸ್ಯರು ಅಂತ ತಮಾಷೆಯಾಗಿ ಕರೆದಿದ್ರು. ಒಳಗಿನ ವಿಷಯ ತಮಾಷೆ ಅಲ್ಲ. ಒಂದೊಂದು ಕಡೆ ಒಂದೊಂದು ಯಂತ್ರ, ಒಂದೊಂದು ಭಾಷೆ. ನನ್ನ ಡೇಟಾ ಇಲ್ಲಿದೆ, ನನಗೆ ಬೇಕಾದ ಪ್ರೋಗ್ರಾಂ ಬೇರೆ ಊರಿನ ಯಂತ್ರದಲ್ಲಿದೆ, ಎರಡನ್ನೂ ಸೇರಿಸೋದು ಹೇಗೆ? ಪ್ರೋಗ್ರಾಂ ಎಲ್ಲಿ ಓಡ್ತಿದೆ ಅಂತ ಬಳಸೋರು ತಲೆ ಕೆಡಿಸಿಕೊಳ್ಳಬಾರದು ಅನ್ನೋ ಯೋಚನೆ ಆ ಟಿಪ್ಪಣಿಯ ಉದ್ದಕ್ಕೂ ಕಾಣುತ್ತೆ. ನಾವು ಇವತ್ತು ಡ್ರೈವ್‌ನಲ್ಲಿ ಫೈಲ್ ತೆರೆಯೋವಾಗ ಅದು ಯಾವ ಊರಿನ ಡೇಟಾ ಸೆಂಟರ್‌ನಲ್ಲಿದೆ ಅಂತ ಕೇಳ್ತೀವಾ?

ಕುರ್ಚಿ ಬಿಟ್ಟ ಮೇಲೆ

ಎರಡೇ ವರ್ಷಕ್ಕೆ, 1964ರಲ್ಲಿ, ಆರ್ಪಾ ಬಿಟ್ರು. ಕೆಲವು ಕಾಲ ಐಬಿಎಂನಲ್ಲಿದ್ದು ಮತ್ತೆ ಎಂಐಟಿಗೆ ಮರಳಿದ್ರು. 1965ರಲ್ಲಿ ಭವಿಷ್ಯದ ಗ್ರಂಥಾಲಯಗಳ ಬಗ್ಗೆ ಅವರ ಪುಸ್ತಕ ಬಂತು. ಮಾಹಿತಿ ಹುಡುಕೋಕೆ ಪುಟ ತಿರುಗಿಸೋದು ಒಳ್ಳೆ ದಾರಿ ಅಲ್ಲ, ಕಂಪ್ಯೂಟರ್ ಮುಂದೆ ಕೂತು ಜ್ಞಾನದ ಭಂಡಾರವನ್ನೇ ಪ್ರಶ್ನೆ ಕೇಳುವಂತಾಗಬೇಕು ಅಂತ ಅದರಲ್ಲಿ ಬರೆದ್ರು.

ಆರ್ಪಾದಲ್ಲಿ ಅವರ ಜಾಗಕ್ಕೆ ಇವಾನ್ ಸದರ್ಲೆಂಡ್, ಆಮೇಲೆ ರಾಬರ್ಟ್ ಟೇಲರ್ ಬಂದ್ರು. ಟೇಲರ್ ಆಫೀಸಿನಲ್ಲಿ ಮೂರು ಟರ್ಮಿನಲ್ ಇತ್ತು, ಮೂರು ಬೇರೆ ಬೇರೆ ಊರಿನ ಯಂತ್ರಕ್ಕೆ. ಮೂರಕ್ಕೂ ಬೇರೆ ಲಾಗಿನ್, ಬೇರೆ ಕಮಾಂಡ್. ಒಂದು ಕುರ್ಚಿಯಿಂದ ಎದ್ದು ಇನ್ನೊಂದಕ್ಕೆ ಹೋಗಿ ಕೂರಬೇಕು. ಒಂದೇ ಟರ್ಮಿನಲ್‌ನಿಂದ ಎಲ್ಲ ಕಡೆ ಹೋಗೋ ಹಾಗಿರಬೇಕು ಅಂತ ಅವರು ಹಟ ಹಿಡಿದ್ರು. ಹಾಗೆ ಅರ್ಪಾನೆಟ್ ಶುರುವಾಯ್ತು. ಅದರ ಕೊಂಡಿ ಯಂತ್ರಗಳನ್ನು ಕಟ್ಟಿಕೊಟ್ಟದ್ದು ಬಿಬಿಎನ್, ಒಂದು ಕಾಲಕ್ಕೆ ಏನಕ್ಕೆ ಅಂತ ಗೊತ್ತಿಲ್ಲದೆ ಲಿಕ್‌ಗೆ ಕಂಪ್ಯೂಟರ್ ಕೊಡಿಸಿದ್ದ ಅದೇ ಕಂಪನಿ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೆ ಲಾಗಿನ್ ಅಂತ ಟೈಪ್ ಮಾಡೋಕೆ ಹೋದ್ರೆ ಎರಡು ಅಕ್ಷರಕ್ಕೇ ವ್ಯವಸ್ಥೆ ಕುಸಿದು ಬಿತ್ತು. ಇದು ಓದಿ ನಮಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ.

ಲಿಕ್ ಅವರಿಗೆ ಎಲ್ಲದರಲ್ಲೂ ಗೆಲುವು ಸಿಗಲಿಲ್ಲ. 1968ರಿಂದ 1970ರವರೆಗೆ ಪ್ರಾಜೆಕ್ಟ್ ಮ್ಯಾಕ್‌ಗೆ ನಿರ್ದೇಶಕರಾಗಿದ್ರು, ಆದ್ರೆ ಆಡಳಿತ ಅವರಿಗೆ ಒಗ್ಗಿದ ಕೆಲಸ ಆಗಿರಲಿಲ್ಲ. ಆ ಪ್ರಾಜೆಕ್ಟ್‌ನ ದೊಡ್ಡ ಕನಸು ಮಲ್ಟಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್. ಊರಿಗೆಲ್ಲ ಕರೆಂಟ್ ಕೊಡೋ ಹಾಗೆ ಕಂಪ್ಯೂಟಿಂಗ್ ಕೊಡಬೇಕು ಅಂತ ಕಟ್ಟೋಕೆ ಹೊರಟಿದ್ದು. ಅದು ತಡವಾಗ್ತಾ ಹೋಯ್ತು, 1969ರಲ್ಲಿ ಬೆಲ್ ಲ್ಯಾಬ್ಸ್ ಕೈಬಿಟ್ಟು ಹೊರನಡೆಯಿತು. ಹಾಗೆ ಹೊರಬಂದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರು ಚಿಕ್ಕದಾಗಿ ಮಾಡಿಕೊಂಡದ್ದೇ ಯೂನಿಕ್ಸ್. ಅದರ ದಾರಿಯಲ್ಲೇ 1991ರಲ್ಲಿ ಲಿನಕ್ಸ್ ಬಂತು. ಇವತ್ತಿನ ಕ್ಲೌಡ್‌ನ ಬಹುಪಾಲು ಮಷಿನ್‌ಗಳು ಓಡೋದು ಅದರ ಮೇಲೆ.

ಇನ್ನೊಂದು ಸಂಗತಿ. ಪ್ರಾಜೆಕ್ಟ್ ಮ್ಯಾಕ್ ಇದ್ದ ಕೇಂಬ್ರಿಜ್‌ನ ಟೆಕ್ನಾಲಜಿ ಸ್ಕ್ವೇರ್ ಕಟ್ಟಡದಲ್ಲೇ ಐಬಿಎಂನ ಒಂದು ಸಣ್ಣ ಕೇಂದ್ರ ಇತ್ತು. ಅಲ್ಲಿನವರು ಒಂದೇ ಯಂತ್ರವನ್ನು ಹಲವು ಪೂರ್ತಿ ಯಂತ್ರಗಳ ಹಾಗೆ ಕಾಣಿಸೋ ಸಿಪಿ-40 ಅನ್ನು ಕಟ್ಟಿದ್ರು. ಕ್ಲೌಡ್‌ನಲ್ಲಿ ನಾವು ಶುರು ಮಾಡೋ ವರ್ಚುವಲ್ ಮಷಿನ್‌ಗೆ ಮೂಲ ಅಲ್ಲಿದೆ. ಸ್ಲೈಡ್‌ನಲ್ಲಿ ನಮ್ಮನ್ನು ಹೆದರಿಸಿದ್ದ ಹೈಪರ್‌ವೈಸರ್ ಅನ್ನೋ ಪದಕ್ಕೆ ಹೀಗೆ ಒಂದು ಮನೆ, ಒಂದು ಊರು ಸಿಕ್ಕಿತು.

1974ರಲ್ಲಿ ಲಿಕ್ ಮತ್ತೆ ಆರ್ಪಾಗೆ ಹೋದ್ರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಪ್ರತಿಯೊಂದು ಸಂಶೋಧನೆಯಿಂದ ಸೈನ್ಯಕ್ಕೆ ನೇರ ಲಾಭ ಏನು ಅಂತ ತೋರಿಸಬೇಕಿತ್ತು. ಹಳೇ ಸ್ವಾತಂತ್ರ್ಯ ಇರಲಿಲ್ಲ. ಮರುವರ್ಷ ಎಂಐಟಿಗೆ ವಾಪಸ್ ಬಂದು, 1985ರಲ್ಲಿ ನಿವೃತ್ತಿಯಾಗೋವರೆಗೂ ಪಾಠ ಮಾಡ್ತಾ ಇದ್ರು. 1990ರ ಜೂನ್ 26ರಂದು ಮ್ಯಾಸಚೂಸೆಟ್ಸ್‌ನ ಆರ್ಲಿಂಗ್ಟನ್‌ನಲ್ಲಿ ತೀರಿಕೊಂಡ್ರು. ಆ ವರ್ಷದ ಕೊನೆಗೆ ಸ್ವಿಟ್ಜರ್‌ಲೆಂಡ್‌ನ ಸರ್ನ್‌ನಲ್ಲಿ ಮೊದಲ ವೆಬ್‌ಸೈಟ್ ತಯಾರಾಯ್ತು. ಅಮೆಜಾನ್ ತನ್ನ ಮಷಿನ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋಕೆ ಶುರು ಮಾಡಿದ್ದು ಅವರು ಹೋಗಿ 16 ವರ್ಷ ಆದ್ಮೇಲೆ, 2006ರಲ್ಲಿ.

ಅವರ ಕಥೆ ಓದಿ ನಮಗೆ ಅರ್ಥ ಆದ ಕ್ಲೌಡ್

ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಕ್ಲೌಡ್‌ಗೆ ಐದು ಲಕ್ಷಣ ಹೇಳಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ಅದು ತಲೆಯಲ್ಲಿ ನಿಂತಿರಲಿಲ್ಲ. ಲಿಕ್ ಕಥೆ ಓದಿದ್ಮೇಲೆ ನಿಂತಿತು.

ಮೊದಲನೇದು, ಯಾರನ್ನೂ ಕೇಳದೆ ನಮಗೆ ಬೇಕಾದಾಗ ನಾವೇ ತಗೊಳ್ಳೋದು. ಅಂದ್ರೆ ಕಾರ್ಡ್ ಕಟ್ಟು ಕೊಡೋ ಕೌಂಟರ್ ಇಲ್ಲ. ಎರಡನೇದು, ನೆಟ್‌ವರ್ಕ್ ಮೂಲಕ ಯಾವ ಸಾಧನದಿಂದಾದ್ರೂ ಬಳಸೋದು. ಟೇಲರ್ ಅವರ ಮೂರು ಟರ್ಮಿನಲ್ ನೆನಪು ಮಾಡಿಕೊಳ್ಳಿ. ಮೂರನೇದು, ಸಂಪನ್ಮೂಲ ಒಂದೇ ಕಡೆ ಇಟ್ಟು ಎಲ್ಲರಿಗೂ ಹಂಚೋದು, ಅದು ನಮ್ಮ ಪಂಕ್ತಿ ಊಟ. ನಾಲ್ಕನೇದು, ಬೇಕಾದಾಗ ಹಿಗ್ಗೋದು, ಬೇಡವಾದಾಗ ಕುಗ್ಗೋದು. ಜನ ಜಾಸ್ತಿ ಬಂದ್ರೆ ಇನ್ನೊಂದು ಪಂಕ್ತಿ ಹಾಕೋದು, ಖಾಲಿಯಾದ್ರೆ ಎಲೆ ಎತ್ತೋದು. ಐದನೇದು, ಬಳಸಿದಷ್ಟಕ್ಕೆ ಅಳತೆ. ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ. ಈ ಐದನೇದನ್ನು ನಾವು ಹಣ ಕೊಟ್ಟು ಕಲಿತ್ವಿ, ನೀವು ಕಲಿಯೋದು ಬೇಡ!

ಸೇವೆಗಳಲ್ಲಿ ಮೂರು ಬಗೆ ಅಂತಾರಲ್ಲ, ಅದಕ್ಕೂ ಮದುವೆ ಮನೆಯೇ ಸಾಕು. ಬರೀ ಛತ್ರ ಬಾಡಿಗೆಗೆ ತಗೊಂಡು ಪಾತ್ರೆ, ಅಡುಗೆ ಎಲ್ಲ ನೀವೇ ನೋಡಿಕೊಂಡ್ರೆ ಅದು ಐಎಎಎಸ್, ಖಾಲಿ ವರ್ಚುವಲ್ ಮಷಿನ್ ತಗೊಂಡ ಹಾಗೆ. ಒಲೆ, ಪಾತ್ರೆ, ಗ್ಯಾಸ್ ಎಲ್ಲ ಅವರೇ ಸಿದ್ಧ ಮಾಡಿಟ್ಟು ಅಡುಗೆ ಮಾತ್ರ ನೀವು ಮಾಡಿದ್ರೆ ಪಿಎಎಎಸ್, ಅಲ್ಲಿ ನಿಮ್ಮ ಕೋಡ್ ಮಾತ್ರ ನಿಮ್ಮದು. ಸುಮ್ಮನೆ ಹೋಗಿ ಎಲೆ ಮುಂದೆ ಕೂತ್ರೆ ಎಸ್‌ಎಎಎಸ್, ನಾವು ದಿನಾ ಬಳಸೋ ಇಮೇಲ್ ಥರ.

ಹೊಸದಾಗಿ ಕಲಿಯೋರಿಗೆ ನಮ್ಮ ಅನುಭವದಿಂದ ಇಷ್ಟು. ಅಕೌಂಟ್ ತೆರೆದ ದಿನವೇ, ಮಷಿನ್ ಶುರು ಮಾಡೋಕೆ ಮುಂಚೆ, ಬಜೆಟ್ ಅಲರ್ಟ್ ಹಾಕಿ. ಅಲರ್ಟ್ ಬರೀ ಸುದ್ದಿ ಹೇಳುತ್ತೆ, ಮಷಿನ್ ನಿಲ್ಲಿಸಲ್ಲ ಅನ್ನೋದು ನೆನಪಿರಲಿ. ನಿಲ್ಲಿಸೋದು ಬೇರೆ, ಅಳಿಸೋದು ಬೇರೆ. ಮಷಿನ್ ನಿಲ್ಲಿಸಿದ್ರೂ ಅದರ ಡಿಸ್ಕ್‌ಗೆ ಬಾಡಿಗೆ ಬೀಳ್ತಾ ಇರುತ್ತೆ. ಪಾಸ್‌ವರ್ಡ್, ಕೀಗಳನ್ನು ಕೋಡ್‌ನಲ್ಲಿ ಬರೆಯಬೇಡಿ. ಮೊದಲು ಸ್ವಲ್ಪ ಲಿನಕ್ಸ್ ಕಮಾಂಡ್, ಸ್ವಲ್ಪ ನೆಟ್‌ವರ್ಕಿಂಗ್ ಕಲಿತುಕೊಳ್ಳಿ. ಒಂದೇ ಮಷಿನ್ ಮೇಲೆ ಒಂದು ಸಣ್ಣ ವೆಬ್‌ಸೈಟ್ ಇಟ್ಟು, ಅದು ಗೆಳೆಯರ ಫೋನಲ್ಲಿ ತೆರೆದ್ರೆ ಮೊದಲ ಮೆಟ್ಟಿಲು ಹತ್ತಿದ ಹಾಗೆ. ಮಿಕ್ಕ ಇನ್ನೂರು ಸೇವೆಗಳ ಹೆಸರು ಗೊತ್ತಿಲ್ಲದಿದ್ರೆ ನಾಚಿಕೆ ಬೇಡ.

ಉಳಿದ ಪ್ರಶ್ನೆ

1968ರಲ್ಲಿ ಲಿಕ್ ಮತ್ತು ಟೇಲರ್ ಸೇರಿ, ಕಂಪ್ಯೂಟರನ್ನು ಸಂವಹನದ ಸಾಧನ ಅಂತ ನೋಡೋ ಒಂದು ಲೇಖನ ಬರೆದ್ರು. ಊರು ಯಾವುದಾದರೇನು, ಒಂದೇ ಆಸಕ್ತಿಯ ಜನ ಜಾಲದ ಮೂಲಕ ಹತ್ತಿರ ಆಗ್ತಾರೆ ಅಂತ ಅದರಲ್ಲಿ ಇದೆ. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪು ನೋಡಿದ್ರೆ ಅದು ನಿಜ ಅನ್ಸುತ್ತೆ. ಆದ್ರೆ ಕೊನೆಗೆ ಅವರು ಒಂದು ಚಿಂತೆಯನ್ನೂ ಬರೆದಿದ್ದಾರೆ. ಆನ್‌ಲೈನ್ ಇರೋದು ಎಲ್ಲರ ಹಕ್ಕಾಗುತ್ತಾ, ಇಲ್ಲಾ ಕೆಲವರ ಸವಲತ್ತಾಗುತ್ತಾ? ಕೆಲವರಿಗೆ ಮಾತ್ರ ಸಿಕ್ಕಿದ್ರೆ ಈ ಜಾಲ ಜನರ ನಡುವಿನ ಅಂತರವನ್ನು ಇನ್ನೂ ದೊಡ್ಡದು ಮಾಡಬಹುದು ಅನ್ನೋ ಅರ್ಥದಲ್ಲಿ.

ನಮಗೆ ಮನಸ್ಸಿಗೆ ತಟ್ಟಿದ್ದು ಅದು. ನಮ್ಮಲ್ಲೊಬ್ಬರ ತಂಗಿ ಊರಲ್ಲಿ ಎರಡನೇ ವರ್ಷ ಇಂಜಿನಿಯರಿಂಗ್ ಓದ್ತಿದ್ದಾಳೆ. ಕ್ಲೌಡ್ ಕಲೀಬೇಕು ಅಂತ ಆಸೆ. ಅಕೌಂಟ್ ತೆರೆಯೋಕೆ ಹೋದ್ರೆ ಕ್ರೆಡಿಟ್ ಕಾರ್ಡ್ ನಂಬರ್ ಕೇಳ್ತು. ಅವರ ಮನೆಯಲ್ಲಿ ಯಾರ ಹತ್ರವೂ ಕ್ರೆಡಿಟ್ ಕಾರ್ಡ್ ಇಲ್ಲ. ಅಣ್ಣನಿಗೆ ಬಂದ ಬಿಲ್ಲಿನ ಕಥೆ ಕೇಳಿದ್ಮೇಲೆ ಅವರಪ್ಪ ಆ ಮಾತೇ ಎತ್ತಬೇಡ ಅಂದುಬಿಟ್ರು. ನಾವು ಅವಳಿಗೆ ಲ್ಯಾಪ್‌ಟಾಪ್‌ನಲ್ಲೇ ಉಚಿತ ವರ್ಚುವಲ್ ಮಷಿನ್ ಸಾಫ್ಟ್‌ವೇರ್ ಹಾಕಿಸಿ, ಅದರೊಳಗೆ ಲಿನಕ್ಸ್ ಓಡಿಸೋದು ಹೇಳಿಕೊಟ್ವಿ. ಅಲ್ಲಿ ಮೀಟರ್ ಇಲ್ಲ, ತಪ್ಪು ಮಾಡೋಕೆ ಭಯವೂ ಇಲ್ಲ. ಈಗ ಅವಳು ನಮಗೇ ಕಮಾಂಡ್ ನೆನಪಿಸ್ತಾಳೆ.

ಈ ಸ್ಪ್ರಿಂಗ್ ಸೆಮಿಸ್ಟರ್‌ನಿಂದ ಶನಿವಾರ ಬೆಳಗ್ಗೆ, ಊರಲ್ಲಿ ರಾತ್ರಿ ಆಗಿರೋ ಹೊತ್ತಿಗೆ, ನಾವು ಮೂವರು ವೀಡಿಯೋ ಕಾಲ್‌ನಲ್ಲಿ ಕನ್ನಡದಲ್ಲೇ ಕ್ಲೌಡ್ ಪಾಠ ಶುರು ಮಾಡಿದ್ದೀವಿ. ಇಲ್ಲಿನ ಜೂನಿಯರ್ಸ್ ನಾಲ್ವರು, ಊರಿನಿಂದ ಆ ತಂಗಿ ಮತ್ತು ಅವಳ ಗೆಳತಿಯರು ಇಬ್ಬರು ಬರ್ತಾರೆ. ನಾವೇನೂ ಪಂಡಿತರಲ್ಲ, ಅವರಿಗಿಂತ ನಾಲ್ಕು ಪಾಠ ಮುಂದಿದ್ದೀವಿ ಅಷ್ಟೇ. ಮೊದಲ ಪಾಠದಲ್ಲಿ ಲಿಕ್ ಕಥೆ ಹೇಳ್ತೀವಿ, ಅದರಲ್ಲೂ ನಲವತ್ತೆರಡರ ವಯಸ್ಸಲ್ಲಿ ಏನಕ್ಕೆ ಅಂತ ಗೊತ್ತಿಲ್ಲದೇ ಕಂಪ್ಯೂಟರ್ ಕೇಳಿದ್ದು. ಬರೋಕೆ ಮನಸ್ಸಿದ್ರೆ ಸಂಘದ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ. ಯಾವ ಬ್ರಾಂಚ್ ಓದಿದ್ರಿ ಅಂತ ಯಾರೂ ಕೇಳಲ್ಲ.